ಹಳ್ಳಿಗಳ ಆರೋಗ್ಯಕ್ಕಾಗಿ ದುಡಿಯುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡು ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಲಾಭರಹಿತ ಸಂಸ್ಥೆಗಳನ್ನು ಕುರಿತು ದಾನಿಗಳು, ವಿದ್ಯಾರ್ಥಿಗಳು, ಕೆಲಸ ಬದಲಿಸುವ ಯೋಚನೆಯಲ್ಲಿರುವವರು, ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಲ್ಲಿ ಬಹುಪಾಲು ಯೋಜನೆಗಳ ಬಗ್ಗೆ, ಹಣದ ಬಗ್ಗೆ ಇರುತ್ತವೆಯೇ ಹೊರತು ಕೆಲಸ ಮಾಡುವ ಜನರ ಬಗ್ಗೆ ಇರುವುದು ಅಪರೂಪ. ಇಂತಹ ಸಂಸ್ಥೆಯೊಂದರ ಬೆಂಗಳೂರು ಕಚೇರಿಯಲ್ಲಿ ಸಿಬ್ಬಂದಿಯ ನೇಮಕ ಮತ್ತು ಯೋಗಕ್ಷೇಮವನ್ನು ನೋಡಿಕೊಳ್ಳುವ ನಾನು, ಆ ಜನರಿಗೆ ಸಂಬಂಧಿಸಿದ ಪ್ರಶ್ನೆಗಳನ್ನೇ ಇಲ್ಲಿ ಆಯ್ದು ಉತ್ತರಿಸಿದ್ದೇನೆ.

ಇಂತಹ ಸಂಸ್ಥೆಗಳಲ್ಲಿ ವೈದ್ಯರಲ್ಲದೆ ಬೇರೆ ಯಾರು ಇರುತ್ತಾರೆ?

ವೈದ್ಯರು ಇರುವುದೇ ಬೆರಳೆಣಿಕೆಯಷ್ಟು. ಸಿಬ್ಬಂದಿಯ ಪಟ್ಟಿಯನ್ನು ತೆರೆದರೆ ಹೆಚ್ಚಾಗಿ ಕಾಣುವ ಹೆಸರುಗಳು ಕ್ಷೇತ್ರ ಕಾರ್ಯಕರ್ತೆಯರವು. ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಮುಗಿಸಿದ, ಅದೇ ಊರಿನಲ್ಲಿ ಹುಟ್ಟಿದ ಅಥವಾ ಅಲ್ಲಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಇವರು. ಇವರ ಕೆಲಸವನ್ನು ನೋಡಿಕೊಳ್ಳಲು ಕೆಲವು ಊರುಗಳಿಗೊಬ್ಬ ಮೇಲ್ವಿಚಾರಕಿ, ತಾಲ್ಲೂಕಿಗೊಬ್ಬ ಸಂಯೋಜಕರು ಇರುತ್ತಾರೆ. ಸಂಸ್ಥೆ ಸ್ವಂತ ಆಸ್ಪತ್ರೆಯನ್ನೋ ಸಂಚಾರಿ ಚಿಕಿತ್ಸಾಲಯವನ್ನೋ ನಡೆಸುತ್ತಿದ್ದರೆ ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಫಾರ್ಮಸಿಸ್ಟ್, ಆಪ್ತಸಮಾಲೋಚಕರು, ಆಯಾ, ಅಡುಗೆಯವರು ಸೇರಿಕೊಳ್ಳುತ್ತಾರೆ.

ವಾಹನ ಚಾಲಕರ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು. ಸಂಚಾರಿ ಚಿಕಿತ್ಸಾಲಯದ ಚಾಲಕನ ಹುದ್ದೆಯ ವಿವರದಲ್ಲಿ ವಾಹನ ಓಡಿಸುವುದು ಎಂದಷ್ಟೇ ಇರುತ್ತದೆ. ಆದರೆ ಯಾವ ದಾರಿ ಮಳೆಗೆ ಕೊಚ್ಚಿಹೋಗಿದೆ, ಯಾವ ಊರಿನಲ್ಲಿ ಈ ವಾರ ಜಾತ್ರೆ ಇರುವುದರಿಂದ ಯಾರೂ ತಪಾಸಣೆಗೆ ಬರುವುದಿಲ್ಲ, ಯಾವ ಮನೆಯ ಗರ್ಭಿಣಿ ತವರಿಗೆ ಹೋಗಿದ್ದಾಳೆ ಎಂಬುದೆಲ್ಲ ಮೊದಲು ತಿಳಿಯುವುದು ಅವನಿಗೆ. ಸಾಲು ನಿಲ್ಲಿಸುವವನು, ಔಷಧಿಯ ಪೆಟ್ಟಿಗೆ ಇಳಿಸುವವನು, ಲಸಿಕೆಯ ಪೆಟ್ಟಿಗೆಯೊಳಗಿನ ಐಸ್‌ಪ್ಯಾಕ್ ಕರಗಿದೆಯೇ ಎಂದು ನೋಡುವವನೂ ಅವನೇ. ತರಬೇತಿಗೆ ಚಾಲಕರನ್ನೂ ಕೂರಿಸಬೇಕೆಂದು ನಾವು ಒತ್ತಾಯಿಸುವುದು ಈ ಕಾರಣಕ್ಕೆ.

ಕ್ಷೇತ್ರ ಕಾರ್ಯಕರ್ತೆಯ ಒಂದು ದಿನ ಹೇಗಿರುತ್ತದೆ?

ಊರಿನವರು ಕೂಲಿಗೆ ಹೊರಡುವ ಮೊದಲೇ ಅವರನ್ನು ಮನೆಯಲ್ಲಿ ಹಿಡಿಯಬೇಕಾದ್ದರಿಂದ ದಿನ ಬೇಗ ಶುರುವಾಗುತ್ತದೆ. ತನ್ನ ಮನೆಯ ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಅಣಿಗೊಳಿಸಿ, ಏಳು ಏಳೂವರೆಯ ಹೊತ್ತಿಗೆ ಅವಳು ಮೊದಲ ಮನೆಯ ಜಗಲಿಯಲ್ಲಿರುತ್ತಾಳೆ. ಹೆಗಲ ಚೀಲದಲ್ಲಿ ತೂಕದ ತಕ್ಕಡಿ, ತೋಳಿನ ಸುತ್ತಳತೆ ನೋಡುವ ಪಟ್ಟಿ, ಥರ್ಮಾಮೀಟರ್, ಬಿ.ಪಿ. ಯಂತ್ರ, ಓಆರ್‌ಎಸ್ ಪೊಟ್ಟಣಗಳು, ದಪ್ಪ ರಟ್ಟಿನ ಒಂದು ರಿಜಿಸ್ಟರ್ ಇರುತ್ತವೆ. ಈಚೆಗೆ ಟ್ಯಾಬ್ ಕೂಡ ಬಂದಿದೆ. ಆದರೂ ರಿಜಿಸ್ಟರ್ ಹೋಗಿಲ್ಲ, ಏಕೆಂದರೆ ಸಿಗ್ನಲ್ ಸಿಗದ ಬುಡಕಟ್ಟು ಜನರ ಹಾಡಿಗಳಲ್ಲಿ ಬರೆದಿಡುವುದೇ ಗತಿ.

ಅವಳ ಕೆಲಸದ ಸೂಕ್ಷ್ಮ ಅರ್ಥವಾಗಬೇಕಾದರೆ ಗರ್ಭಿಣಿಯರ ಕಬ್ಬಿಣಾಂಶದ ಮಾತ್ರೆಯ ಉದಾಹರಣೆಯೊಂದೇ ಸಾಕು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7 ಗ್ರಾಂಗಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಅದನ್ನು ತಡೆಯಲು ಸರ್ಕಾರ ಕನಿಷ್ಠ 180 ದಿನಗಳ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಮಾತ್ರೆ ಮನೆಗೆ ತಲುಪುತ್ತದೆ, ಹೊಟ್ಟೆಗೆ ತಲುಪುವುದಿಲ್ಲ. “ಮಾತ್ರೆ ನುಂಗ್ತಿದ್ದೀಯೇನವ್ವಾ?” ಎಂದು ಕೇಳಿದರೆ “ಹೂಂ, ನುಂಗ್ತಿದ್ದೀನಕ್ಕ” ಎಂಬ ಉತ್ತರ ಎಲ್ಲ ಮನೆಗಳಲ್ಲೂ ಸಿಗುತ್ತದೆ. ಅನುಭವಸ್ಥ ಕಾರ್ಯಕರ್ತೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅವಳು ನೀರು ಕೇಳಿ ಒಳಗೆ ಹೋಗಿ ಕುಳಿತು, “ಮಲ ಕಪ್ಪಗೆ ಹೋಗ್ತಿದೆಯಾ?” ಎಂದು ಕೇಳುತ್ತಾಳೆ. ಆ ಮಾತ್ರೆ ನುಂಗಿದವರಲ್ಲಿ ಸಾಮಾನ್ಯವಾಗಿ ಮಲದ ಬಣ್ಣ ಬದಲಾಗುತ್ತದೆ. ಇಲ್ಲವೆಂದರೆ ಗದರುವುದಿಲ್ಲ. ವಾಕರಿಕೆ ಬರುತ್ತದೆಯೋ, ಮಗು ಕಪ್ಪಗೆ ಹುಟ್ಟುತ್ತದೆಂದು ಅತ್ತೆ ಹೇಳಿದ್ದಾರೋ, ಹೆರಿಗೆ ಕಷ್ಟವಾಗುವಷ್ಟು ಮಗು ದಪ್ಪವಾಗುತ್ತದೆಂಬ ಹೆದರಿಕೆಯೋ ಎಂದು ಒಂದೊಂದಾಗಿ ವಿಚಾರಿಸುತ್ತಾಳೆ. ನುಂಗುತ್ತಿದ್ದರೂ ರಕ್ತ ಏರದಿದ್ದಾಗ ಯಾವ ಹೊತ್ತಿಗೆ ನುಂಗುತ್ತಾರೆ ಎಂದು ನೋಡುತ್ತಾಳೆ. ಬೆಳಗಿನ ಕಾಫಿಯ ಜೊತೆಗೇ ನುಂಗುವವರು ಬಹಳ. ಕಾಫಿ, ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬಾರದು. ರಾತ್ರಿ ಊಟವಾದ ಮೇಲೆ, ಮಲಗುವ ಮುನ್ನ ನುಂಗುವಂತೆ ಹೇಳಿ, ಅತ್ತೆಯನ್ನೇ ಕರೆದು “ಇನ್ಮೇಲೆ ಇದು ನಿಮ್ಮ ಜವಾಬ್ದಾರಿ ಕಣಮ್ಮ” ಎಂದು ಒಪ್ಪಿಸಿ ಎದ್ದು ಬರುತ್ತಾಳೆ. ವರದಿಯಲ್ಲಿ ಇದು ಒಂದು ಮನೆ ಭೇಟಿ ಎಂದು ದಾಖಲಾಗುತ್ತದೆ.

ಹೀಗೆಯೇ ಬಾಣಂತಿ ಮತ್ತು ಹಸುಗೂಸಿನ ಭೇಟಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಯಲ್ಲಿ ನೋಡಬೇಕೆಂಬುದು ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ನಿಗದಿಪಡಿಸಿದ ಕ್ರಮ. ಸಂಸ್ಥೆಯ ಕಾರ್ಯಕರ್ತೆ ಅವರ ಜೊತೆ ಹೋಗುತ್ತಾಳೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಾದರೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದನ್ನು ತೋರಿಸಿ ಕೊಡುತ್ತಾಳೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಅಂದೇ ಅಂಗನವಾಡಿಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಿಷಯ ಮುಟ್ಟಿಸಬೇಕು.

ಆಶಾ, ಅಂಗನವಾಡಿ, ಸರ್ಕಾರಿ ನರ್ಸ್ ಎಲ್ಲರೂ ಇರುವಾಗ ಸಂಸ್ಥೆಯ ಕಾರ್ಯಕರ್ತೆ ಏಕೆ ಬೇಕು?

ಇದು ನ್ಯಾಯವಾದ ಪ್ರಶ್ನೆ. ಸಂಸ್ಥೆಗಳೂ ತಮ್ಮನ್ನು ತಾವು ಆಗಾಗ ಕೇಳಿಕೊಳ್ಳಬೇಕಾದದ್ದು. ಕಾಗದದ ಮೇಲಿನ ಲೆಕ್ಕ ಸ್ಪಷ್ಟವಾಗಿದೆ: ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000ಕ್ಕೆ ಮತ್ತು 20,000ಕ್ಕೆ ಒಂದೊಂದು. ಸುಮಾರು 1,000 ಜನರಿಗೆ ಒಬ್ಬ ಆಶಾ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆಶಾ ಬಂದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ಇಷ್ಟು ದೊಡ್ಡ ವ್ಯವಸ್ಥೆಗೆ ಸಮಾನಾಂತರವಾಗಿ ಇನ್ನೊಂದನ್ನು ಕಟ್ಟುವುದು ಯಾವ ಸಂಸ್ಥೆಯಿಂದಲೂ ಆಗದು, ಆಗಬಾರದು ಕೂಡ.

ಹಾಗಾದರೆ ಮಾಡಬೇಕಾದ್ದೇನು? ಒಬ್ಬ ಆಶಾ ಮೇಲೆ ಗರ್ಭಿಣಿ, ಬಾಣಂತಿ, ಲಸಿಕೆ, ಕ್ಷಯ, ಮಲೇರಿಯಾ, ಸಕ್ಕರೆ ಕಾಯಿಲೆ, ಸಮೀಕ್ಷೆಗಳು ಎಂದು ಹೊರೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸವಾರು ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಆಶಾ ಕಾರ್ಯಕರ್ತೆಯರು ನಮ್ಮ ಫ್ರೀಡಂ ಪಾರ್ಕ್‌ನಲ್ಲಿ ಹಗಲಿರುಳು ಧರಣಿ ಕುಳಿತದ್ದನ್ನು ಬೆಂಗಳೂರಿನವರು ಕಂಡಿದ್ದಾರೆ. ಸಂಸ್ಥೆಯ ಕಾರ್ಯಕರ್ತೆ ಆಕೆಯ ಕೆಲಸವನ್ನು ಕಸಿದುಕೊಳ್ಳದೆ, ಆಕೆಗೆ ಹೋಗಲಾಗದ ಕಡೆ ಹೋಗಬೇಕು: ಊರಾಚೆಯ ಕಾಲೊನಿ, ಸೋಲಿಗರ ಪೋಡು, ಲಂಬಾಣಿ ತಾಂಡಾ, ಕಬ್ಬು ಕಡಿಯಲು ಬಂದವರ ಗುಡಿಸಲು, ಇಟ್ಟಿಗೆ ಗೂಡು. ಮನೋರೋಗ, ಅಂಗವೈಕಲ್ಯ, ಹಾಸಿಗೆ ಹಿಡಿದ ವೃದ್ಧರ ಆರೈಕೆಯಂತಹ, ಸರ್ಕಾರಿ ಸಿಬ್ಬಂದಿಗೆ ಸಮಯ ಸಾಲದ ಕೆಲಸಗಳನ್ನೂ ಹಂಚಿಕೊಳ್ಳಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆ ಪುಸ್ತಕದಲ್ಲಷ್ಟೇ ನಡೆಯದೆ ನಿಜವಾಗಿ ನಡೆಯುವಂತೆ ನೋಡಿಕೊಳ್ಳುವುದು ಕೂಡ ಒಂದು ದೊಡ್ಡ ಕೆಲಸವೇ. ಆಶಾ ಮತ್ತು ಸಂಸ್ಥೆಯ ಕಾರ್ಯಕರ್ತೆ ಪರಸ್ಪರ ಮಾತು ಬಿಟ್ಟ ಊರಿನಲ್ಲಿ ಯಾವ ಯೋಜನೆಯೂ ನಡೆಯುವುದಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಿನ್ನೆಲೆ ಇದೆಯೇ, ಅಥವಾ ಇದು ಈಚಿನ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಿಂದ ಹುಟ್ಟಿದ್ದೇ?

ಹಿನ್ನೆಲೆ ಬಹಳ ಹಳೆಯದು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನಗಳ ಮೇಲೆಯೇ ದೇಶದ ಕ್ಷಯರೋಗ ಕಾರ್ಯಕ್ರಮ 1962ರಲ್ಲಿ ರೂಪುಗೊಂಡಿತು. ಹಳ್ಳಿಯವರು ಅಜ್ಞಾನಿಗಳು, ಕಾಯಿಲೆ ಬಂದರೂ ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಆದರೆ ಆ ಹಳ್ಳಿಗಳ ಕ್ಷಯರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರೆಂದೂ, ಅಲ್ಲಿ ರೋಗ ಪತ್ತೆಯಾಗದೆ ಕೆಮ್ಮಿನ ಔಷಧಿ ಹಿಡಿದು ಮರಳಿದ್ದರೆಂದೂ ಅಧ್ಯಯನ ತೋರಿಸಿತು. ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ. ಜನರಿಗೆ ತಿಳಿವಳಿಕೆ ಮೂಡಿಸುತ್ತೇನೆ ಎಂದು ಹೊರಡುವ ಮುನ್ನ, ಅವರು ಬಂದಾಗ ನಾವು ಏನು ಮಾಡಿದೆವು ಎಂದು ನೋಡಬೇಕು.

ನಿಮ್ಹಾನ್ಸ್ ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ 1970ರ ದಶಕದಿಂದ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಮಾಡಿತು. ಅದರ ಅನುಭವ ಬಳ್ಳಾರಿ ಜಿಲ್ಲೆಯ ಪ್ರಯೋಗಕ್ಕೆ, ಮುಂದೆ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. ಸ್ವಯಂಸೇವಾ ಸಂಸ್ಥೆಗಳ ಕಡೆಗೆ ಬಂದರೆ, ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರದು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸಕ್ಕಾಗಿ ಹುಟ್ಟಿದ ಕರುಣಾ ಟ್ರಸ್ಟ್ 1986ರದು. ಅದು 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸತೊಡಗಿತು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಯುವ ವೈದ್ಯರ ಗುಂಪು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರದು. ಬೆಂಗಳೂರಿನ ಸಮುದಾಯ ಆರೋಗ್ಯ ಕೋಶವೂ ಅದೇ ವರ್ಷದ್ದು. ದೊಡ್ಡ ಕಂಪನಿಗಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಮೀಸಲಿಡುವ ಕಾನೂನು ಬಂದದ್ದು 2013ರಲ್ಲಿ, ಅಂದರೆ ಇವೆಲ್ಲ ಬೇರೂರಿ ಸುಮಾರು ಮೂರು ದಶಕ ಕಳೆದ ಮೇಲೆ.

ಹೊರರಾಜ್ಯಗಳಿಂದಲೂ ನಾವು ಕಲಿತದ್ದುಂಟು. ಮಹಾರಾಷ್ಟ್ರದ ಜಾಮಖೇಡ್‌ನಲ್ಲಿ ಆರೋಳೆ ದಂಪತಿ 1970ರಲ್ಲಿ ಆರಂಭಿಸಿದ ಕೆಲಸ, ಓದುಬರಹ ತಿಳಿಯದ ಹಳ್ಳಿಯ ಹೆಂಗಸರೂ ಊರಿನ ಆರೋಗ್ಯವನ್ನು ನೋಡಿಕೊಳ್ಳಬಲ್ಲರೆಂದು ತೋರಿಸಿತು. ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ತರಬೇತಿ ಕೊಟ್ಟ ಗ್ರಾಮೀಣ ಕಾರ್ಯಕರ್ತೆಯರು ಮನೆಯಲ್ಲೇ ಹಸುಗೂಸುಗಳನ್ನು ನೋಡಿಕೊಂಡದ್ದರಿಂದ ನವಜಾತ ಶಿಶುಗಳ ಮರಣ ಪ್ರಮಾಣ ಶೇ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ಮೇಲೆ ಹೇಳಿದ ಆರು ಮನೆ ಭೇಟಿಗಳ ಮೂಲ ಇರುವುದು ಅಲ್ಲಿ.

ವೈದ್ಯರು ಹಳ್ಳಿಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ನಿಜವೇ?

ಬಹಳ ಮಂದಿ ನಿಲ್ಲುವುದಿಲ್ಲ, ಕೆಲವರು ನಿಲ್ಲುತ್ತಾರೆ. ನಿಲ್ಲದವರನ್ನು ದೂರುವ ಮೊದಲು ಕಾರಣಗಳನ್ನು ನೋಡಬೇಕು. ಸಂಬಳ ಕಡಿಮೆಯೆಂಬುದು ಒಂದು ಕಾರಣ ಮಾತ್ರ. ಮಕ್ಕಳ ಶಾಲೆ, ಸಂಗಾತಿಯ ಉದ್ಯೋಗ, ಕಷ್ಟದ ಪ್ರಕರಣ ಬಂದಾಗ ಕೇಳಲು ಪಕ್ಕದಲ್ಲಿ ಮತ್ತೊಬ್ಬ ವೈದ್ಯರಿಲ್ಲದಿರುವುದು, ಸ್ನಾತಕೋತ್ತರ ಪರೀಕ್ಷೆಗೆ ಓದಲು ಬಿಡುವಿಲ್ಲದಿರುವುದು ಇನ್ನೂ ದೊಡ್ಡ ಕಾರಣಗಳು. ರಾತ್ರಿ ಎರಡು ಗಂಟೆಗೆ ಮಗು ಅಡ್ಡ ತಿರುಗಿದ ಗರ್ಭಿಣಿ ಬಂದು, ಅರಿವಳಿಕೆ ತಜ್ಞರಿಲ್ಲದೆ ಆಕೆಯನ್ನು ಜಿಲ್ಲಾಸ್ಪತ್ರೆಗೆ ಕಳಿಸಬೇಕಾದಾಗ ಆ ಒಂಟಿ ವೈದ್ಯೆಯ ಮನಸ್ಸಿನ ಮೇಲೆ ಬೀಳುವ ಭಾರ ಹೊರಗಿನವರಿಗೆ ಕಾಣುವುದಿಲ್ಲ.

ನನ್ನ ಅನುಭವದಲ್ಲಿ ಹೆಚ್ಚು ಕಾಲ ಉಳಿಯುವವರು ಜೋಡಿಯಾಗಿ ಅಥವಾ ಸ್ನೇಹಿತರ ಗುಂಪಾಗಿ ಬಂದವರು, ಮತ್ತು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಹಿರಿಯರೊಬ್ಬರಿಗೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದೆಂಬ ಧೈರ್ಯವಿರುವವರು. ಸಂಸ್ಥೆಗಳು ವೈದ್ಯರ ತ್ಯಾಗದ ಬಗ್ಗೆ ಭಾಷಣ ಮಾಡುವ ಬದಲು ಒಂದು ಊರಿಗೆ ಇಬ್ಬರು ವೈದ್ಯರನ್ನು, ಅವರಿಗೆ ನೀರು ಬರುವ ಮನೆಯನ್ನು ಕೊಡಲಿ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾನೂನನ್ನು ರಾಜ್ಯ 2012ರಲ್ಲಿ ಮಾಡಿತು. ಆದರೆ ಆ ಒಂದು ವರ್ಷವನ್ನು ಶಿಕ್ಷೆಯೆಂದು ಕಳೆಯುವುದೂ ಉಂಟು, ಅದೇ ವರ್ಷದಲ್ಲಿ ಬದುಕಿನ ದಾರಿ ಕಂಡುಕೊಳ್ಳುವುದೂ ಉಂಟು. ಅದು ಬಹುಮಟ್ಟಿಗೆ ಅಲ್ಲಿ ಸಿಕ್ಕ ನರ್ಸ್ ಮತ್ತು ಕಾರ್ಯಕರ್ತೆಯರನ್ನು ಅವಲಂಬಿಸಿರುತ್ತದೆ.

ನಾಟಿ ವೈದ್ಯ, ಮಂತ್ರ, ಸೂತಕ ಇವುಗಳ ಎದುರು ಕಾರ್ಯಕರ್ತೆಯರು ಏನು ಮಾಡುತ್ತಾರೆ?

ಎದುರು ನಿಂತರೆ ಏನೂ ಆಗುವುದಿಲ್ಲ, ಪಕ್ಕದಲ್ಲಿ ಕುಳಿತು ಮಾತಾಡಬೇಕು. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ರಾಗಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿದವನನ್ನು ಮನೆಯವರು ಮೊದಲು ಕರೆದೊಯ್ಯುವುದು ಇಂದಿಗೂ ಹಲವೆಡೆ ಮಂತ್ರ ಹಾಕುವವರ ಬಳಿಗೇ. ಜಾಣ ಕಾರ್ಯಕರ್ತೆ ಆ ಹಿರಿಯರ ಮನೆಗೆ ಮೊದಲೇ ಹೋಗಿ, “ನೀವು ಮಂತ್ರ ಹಾಕಿ ಅಜ್ಜಾ, ಬೇಡ ಅನ್ನಲ್ಲ. ಆದ್ರೆ 108ಕ್ಕೆ ಫೋನ್ ಮಾಡ್ಸಿ, ಗಾಡಿ ಬರೋ ತನಕ ಹಾಕಿ. ಬಿಗಿಯಾಗಿ ಕಟ್ಟೋದು, ಕೊಯ್ಯೋದು ಮಾತ್ರ ಬೇಡ” ಎಂದು ಒಪ್ಪಂದ ಮಾಡಿಕೊಂಡಿರುತ್ತಾಳೆ. ವಿಷಕ್ಕೆ ಪ್ರತಿವಿಷವೊಂದೇ ಔಷಧವಾದ್ದರಿಂದ, ಆ ಅಜ್ಜನೇ ರೋಗಿಯನ್ನು ಗಾಡಿ ಹತ್ತಿಸಿ ಕಳಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಕೂಸನ್ನು ಊರ ಹೊರಗೆ ಇಡುವ ರೂಢಿಯ ವಿಷಯದಲ್ಲಿ ಇಷ್ಟು ಸುಲಭದ ದಾರಿಯಿಲ್ಲ. ಚಳಿ ಮಳೆಯಲ್ಲಿ ಕೂಸಿನ ಜೀವಕ್ಕೇ ಅಪಾಯವಿರುವುದರಿಂದ ಅಲ್ಲಿ ರಾಜಿಗೆ ಜಾಗವಿಲ್ಲ. ಆದರೂ ಅದನ್ನು ಬಿಡಿಸುವ ಮಾತು ಅದೇ ಹಟ್ಟಿಯ ಹೆಣ್ಣುಮಗಳ ಬಾಯಿಂದ ಬಂದಾಗ ಮಾತ್ರ ಹಿರಿಯರು ಕೂತು ಕೇಳುತ್ತಾರೆ. ಕಾರ್ಯಕರ್ತೆಯನ್ನು ಆಯಾ ಸಮುದಾಯದಿಂದಲೇ ಆರಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಗೊತ್ತಿಲ್ಲ.

ಕೆಲಸ ಹಳ್ಳಿಯಲ್ಲಾದರೆ ಬೆಂಗಳೂರಿನಲ್ಲಿ ಕಚೇರಿ ಏಕೆ?

ಸರ್ಕಾರದ ಆಯುಕ್ತಾಲಯ, ದಾನಿ ಕಂಪನಿಗಳು, ಲೆಕ್ಕ ಪರಿಶೋಧಕರು, ತಜ್ಞ ವೈದ್ಯರು ಇಲ್ಲಿದ್ದಾರೆ. ಬೆಂಗಳೂರಿನ ಕಚೇರಿ ಚಿಕ್ಕದಾಗಿರಬೇಕು, ಮತ್ತು ಅಲ್ಲಿರುವವರು ಆಗಾಗ ಮೆಜೆಸ್ಟಿಕ್‌ನಲ್ಲೋ ಸ್ಯಾಟಲೈಟ್ ನಿಲ್ದಾಣದಲ್ಲೋ ಬಸ್ಸು ಹತ್ತಿ ಕ್ಷೇತ್ರಕ್ಕೆ ಹೋಗುತ್ತಿರಬೇಕು. ಕ್ಷೇತ್ರದವರಿಗೆ ಔಷಧಿ, ಸಂಬಳ, ಪ್ರಯಾಣ ಭತ್ಯೆ ಹೊತ್ತಿಗೆ ಸರಿಯಾಗಿ ತಲುಪಿಸುವುದು ಈ ಕಚೇರಿಯ ಮೊದಲ ಕರ್ತವ್ಯ. ವರದಿ ಕೇಳುವುದು ಆಮೇಲಿನದು.

ನಾನು ಕೊಟ್ಟ ಹಣ ಸಿಬ್ಬಂದಿಯ ಸಂಬಳಕ್ಕೆ ಹೋಗುತ್ತದೆಯೇ? ಅದು ರೋಗಿಗಳಿಗೆ ಹೋಗಬೇಕಲ್ಲವೇ?

ಹೋಗುತ್ತದೆ, ಹೋಗಲೇಬೇಕು. ಈ ಪ್ರಶ್ನೆ ಎಷ್ಟು ಸದುದ್ದೇಶದಿಂದ ಬರುತ್ತದೋ ಅಷ್ಟೇ ಹಾನಿಯನ್ನೂ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಾಥಮಿಕ ಆರೋಗ್ಯದ ಕೆಲಸದಲ್ಲಿ ದೊಡ್ಡ ಯಂತ್ರಗಳಿಲ್ಲ, ದುಬಾರಿ ಶಸ್ತ್ರಚಿಕಿತ್ಸೆಗಳಿಲ್ಲ. ಔಷಧಿಯಲ್ಲಿ ಹೆಚ್ಚಿನದು ಸರ್ಕಾರದಿಂದ ಉಚಿತವಾಗಿ ಬರುತ್ತದೆ. ಕ್ಷಯರೋಗಿಗೆ ಆರು ತಿಂಗಳ ಔಷಧಿ ಉಚಿತ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಾಗಿ ಆರಂಭವಾದ ಪೌಷ್ಟಿಕ ಆಹಾರದ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಇಷ್ಟಾದರೂ ಎರಡನೇ ತಿಂಗಳಲ್ಲಿ ಕೆಮ್ಮು ನಿಂತೊಡನೆ ರೋಗಿ ಮಾತ್ರೆ ನಿಲ್ಲಿಸುತ್ತಾನೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ನೆರವಿನ ಹಣ ಬರುವುದಿಲ್ಲ, ಅವನ ಮನೆಯ ಮಕ್ಕಳ ತಪಾಸಣೆ ಆಗಿರುವುದಿಲ್ಲ. ಇದೆಲ್ಲವನ್ನೂ ನಡೆದು ಹೋಗಿ ಸರಿಪಡಿಸುವವಳ ಸಂಬಳವೇ ಇಲ್ಲಿ ರೋಗಿಗೆ ಮಾಡುವ ವೆಚ್ಚ.

ಕಾನೂನು ಕೂಡ ಈ ವ್ಯತ್ಯಾಸವನ್ನು ಒಪ್ಪುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದೆ. ಆದರೆ ಆಸ್ಪತ್ರೆಯ ವೈದ್ಯರ ಸಂಬಳದಂತೆ ಸಂಸ್ಥೆಯ ಮೂಲ ಉದ್ದೇಶಕ್ಕೆ ನೇರವಾಗಿ ಮಾಡುವ ವೆಚ್ಚವನ್ನು ಆಡಳಿತ ವೆಚ್ಚವೆಂದು ಲೆಕ್ಕ ಹಿಡಿಯುವುದಿಲ್ಲ. ಆದರೂ ಕೆಲವು ದಾನಿಗಳು ವಾಹನ ಕೊಡುತ್ತಾರೆ, ಚಾಲಕನ ಸಂಬಳ ಕೊಡುವುದಿಲ್ಲ. ಟ್ಯಾಬ್ ಕೊಡುತ್ತಾರೆ, ಅದನ್ನು ಹಿಡಿದು ಮನೆಮನೆಗೆ ಹೋಗುವವಳ ಬಸ್ ಚಾರ್ಜನ್ನು ಪ್ರಶ್ನಿಸುತ್ತಾರೆ. ಶಾಮಿಯಾನ ಹಾಕಿ ಬ್ಯಾನರ್ ಕಟ್ಟಿದ ಒಂದು ದಿನದ ಆರೋಗ್ಯ ಶಿಬಿರಕ್ಕೆ ಹಣ ಸುಲಭವಾಗಿ ಸಿಗುತ್ತದೆ. ಅಲ್ಲಿ ರಕ್ತದೊತ್ತಡ 140/90 ದಾಟಿದೆ ಎಂದು ತಿಳಿದುಬಂದವರಿಗೆ ಮುಂದಿನ ತಿಂಗಳಿನಿಂದ ಮಾತ್ರೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಶಿಬಿರ ಪ್ರಾಯೋಜಿಸಲು ಇಚ್ಛಿಸುವವರಿಗೆ ನನ್ನ ವಿನಂತಿ ಇಷ್ಟೇ: ಅದೇ ಹಣದಲ್ಲಿ ಒಬ್ಬ ಕಾರ್ಯಕರ್ತೆಯ ಕೆಲವು ತಿಂಗಳ ಸಂಬಳವನ್ನು ವಹಿಸಿಕೊಳ್ಳಿ.

ಸಿಬ್ಬಂದಿಗೆ ಯಾವ ಸೌಲಭ್ಯಗಳು ಸಿಗಬೇಕು?

ಸೇವಾ ಸಂಸ್ಥೆ ಎಂಬ ಕಾರಣಕ್ಕೆ ವೇತನ, ಸಾಮಾಜಿಕ ಭದ್ರತೆಯ ಕಾನೂನುಗಳಿಂದ ವಿನಾಯಿತಿ ಇಲ್ಲ. ಕನಿಷ್ಠ ವೇತನ, ಅನ್ವಯವಾಗುವಲ್ಲಿ ಭವಿಷ್ಯ ನಿಧಿ, ಇಎಸ್‌ಐ, ಗ್ರ್ಯಾಚುಯಿಟಿ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಇವು ಹಕ್ಕುಗಳೇ. ತಾಯಂದಿರ ಆರೋಗ್ಯಕ್ಕಾಗಿ ದುಡಿಯುವ ಸಂಸ್ಥೆ ತನ್ನ ಕಾರ್ಯಕರ್ತೆಗೆ ಹೆರಿಗೆ ರಜೆ ಕೊಡದೆ ಗೌರವಧನದ ಹೆಸರಿನಲ್ಲಿ ತಪ್ಪಿಸಿಕೊಳ್ಳುವುದನ್ನು ಯಾವ ದಾನಿಯೂ ಸಹಿಸಬಾರದು. ಕ್ಷಯ, ಕುಷ್ಠ ಮುಂತಾದ ಕಾಯಿಲೆಗಳ ನಡುವೆ ಓಡಾಡುವವರಿಗೆ ವರ್ಷಕ್ಕೊಮ್ಮೆ ತಪಾಸಣೆ, ಸೂಜಿ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಅಗತ್ಯ.

ಹೆಣ್ಣುಮಕ್ಕಳು ಒಬ್ಬೊಬ್ಬರೇ ಊರೂರು ತಿರುಗುವುದು ಸುರಕ್ಷಿತವೇ?

ತನ್ನದೇ ಊರಿನಲ್ಲಿ ಅವಳಿಗೆ ರಕ್ಷಣೆ ಇರುತ್ತದೆ. ಪಕ್ಕದ ಊರು, ಕತ್ತಲಾದ ಮೇಲಿನ ಬಸ್ಸು, ಕುಡಿದು ಜಗಳಕ್ಕೆ ಬರುವ ಗಂಡನ ಮನೆ ಬೇರೆ ಮಾತು. ಅಂತಹ ಮನೆಗೆ ಇಬ್ಬರು ಹೋಗಬೇಕು, ಸಂಜೆಯ ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಸಭೆ ಮುಗಿಸಬೇಕು. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು ಬೆಂಗಳೂರಿನ ಗೋಡೆಯ ಮೇಲಷ್ಟೇ ಇದ್ದರೆ ಸಾಲದು, ತಾಲ್ಲೂಕಿನ ಕಾರ್ಯಕರ್ತೆಗೂ ಗೊತ್ತಿರಬೇಕು. ಆಕೆ ಭೇಟಿ ಕೊಡುವ ಮನೆಯೂ, ಪ್ರಯಾಣಿಸುವ ಸಂಸ್ಥೆಯ ವಾಹನವೂ ಆ ಕಾಯ್ದೆಯ ಅರ್ಥದಲ್ಲಿ ಕೆಲಸದ ಸ್ಥಳವೇ.

ಸಾವುನೋವುಗಳನ್ನು ನೋಡುತ್ತಾ ಈ ಜನ ಹೇಗೆ ತಡೆದುಕೊಳ್ಳುತ್ತಾರೆ?

ಒಂಬತ್ತು ತಿಂಗಳು ಪ್ರತಿ ತಿಂಗಳೂ ನೋಡಿದ ಗರ್ಭಿಣಿ ಹೆರಿಗೆಯಲ್ಲಿ ತೀರಿಕೊಂಡರೆ, ಕಾರ್ಯಕರ್ತೆ ಮಾರನೆಯ ದಿನವೂ ಅದೇ ಬೀದಿಯಲ್ಲಿ ಓಡಾಡಬೇಕು. ಊರಿನವರು ಕೇಳುವ ಪ್ರಶ್ನೆಗಳೂ ಅವಳಿಗೇ, ಮೇಲಿನಿಂದ ಬರುವ ತನಿಖೆಯ ನಮೂನೆಯೂ ಅವಳಿಗೇ. ಅಂತಹ ಹೊತ್ತಿನಲ್ಲಿ ಮೇಲ್ವಿಚಾರಕಿ ರಿಜಿಸ್ಟರ್ ಕೇಳುವುದಕ್ಕೆ ಮೊದಲು ಅವಳ ಮನೆಗೆ ಹೋಗಿ ಕುಳಿತುಕೊಳ್ಳಬೇಕು. ತಿಂಗಳ ಸಭೆಯಲ್ಲಿ ಅಂಕಿಅಂಶಕ್ಕೆ ಮುಂಚೆ ಒಂದು ಗಂಟೆಯಾದರೂ ಅವರವರ ಮಾತಿಗೆ ಬಿಡಬೇಕು. ಹೆಚ್ಚಿನ ನೆರವು ಬೇಕಾದವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಕನ್ನಡದಲ್ಲೂ ದೊರೆಯುತ್ತದೆ.

ನಾನು ವೈದ್ಯಕೀಯ ಓದಿದವನಲ್ಲ. ಐಟಿ, ಲೆಕ್ಕಪತ್ರ ಅಥವಾ ಬೇರೆ ಕ್ಷೇತ್ರದಿಂದ ಬರಬಹುದೇ?

ಧಾರಾಳವಾಗಿ ಬರಬಹುದು. ದತ್ತಾಂಶ, ಔಷಧಿ ದಾಸ್ತಾನು, ಲೆಕ್ಕಪತ್ರ, ವರದಿ ಬರವಣಿಗೆ, ತರಬೇತಿ ಸಾಮಗ್ರಿ ಎಲ್ಲದಕ್ಕೂ ಜನ ಬೇಕು. ತಂತ್ರಾಂಶ ಬರೆಯುವವರಲ್ಲಿ ಒಂದೇ ಕೋರಿಕೆ: ಪರದೆಯ ಮೇಲೆ ಇನ್ನೊಂದು ಪ್ರಶ್ನೆಯನ್ನು ಸೇರಿಸುವ ಮುನ್ನ ಕಾರ್ಯಕರ್ತೆಯ ಜೊತೆ ಒಂದು ಇಡೀ ದಿನ ನಡೆಯಿರಿ. ಕನ್ನಡ ಬರಲೇಬೇಕು. ಕೋಲಾರ, ಪಾವಗಡದ ಕಡೆ ತೆಲುಗೂ ಬಂದರೆ ಅನುಕೂಲ.

ಶನಿವಾರ, ಭಾನುವಾರ ಮಾತ್ರ ಬಂದು ಸ್ವಯಂಸೇವೆ ಮಾಡಬಹುದೇ?

ಹಳ್ಳಿಯಲ್ಲಿ ಅದರಿಂದ ಹೆಚ್ಚು ಉಪಯೋಗವಿಲ್ಲ. ನಿಮ್ಮನ್ನು ಕರೆದುಕೊಂಡು ಹೋಗಿ ತೋರಿಸುವುದಕ್ಕೇ ಅಲ್ಲಿಯವರ ಭಾನುವಾರ ಹೋಗುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಅನುವಾದ, ಲೆಕ್ಕ, ವಿನ್ಯಾಸದ ಕೆಲಸ ಮಾಡಿಕೊಟ್ಟರೆ ನಿಜವಾದ ಸಹಾಯವಾಗುತ್ತದೆ.

ಕ್ಷೇತ್ರ ಭೇಟಿಗೆ ಹೋದಾಗ ಫೋಟೊ ತೆಗೆಯಬಹುದೇ?

ಕಟ್ಟಡದ್ದು ತೆಗೆಯಬಹುದು. ರೋಗಿಯ, ಮಗುವಿನ, ರಿಜಿಸ್ಟರ್ ಪುಟದ ಫೋಟೊ ಬೇಡ. ಎಚ್‌ಐವಿ, ಕುಷ್ಠ, ಮನೋರೋಗ ಇರುವವರು ಆ ಕಾರ್ಯಕರ್ತೆಯನ್ನು ನಂಬಿ ಹೇಳಿಕೊಂಡದ್ದು ಊರಿಗೆ ಗೊತ್ತಾದರೆ ಅವಳನ್ನು ಮತ್ತೆ ಯಾರೂ ಒಳಗೆ ಕರೆಯುವುದಿಲ್ಲ.

ಯೋಜನೆಯ ಅವಧಿ ಮುಗಿದ ಮೇಲೆ ಇವರ ಗತಿ ಏನು?

ಈ ಕ್ಷೇತ್ರದ ಅತಿ ನೋವಿನ ಸಂಗತಿ ಇದು. ದಾನಿಯ ಒಪ್ಪಂದ ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಊರಿನವರ ವಿಶ್ವಾಸ ಗಳಿಸಿ ಕೆಲಸ ಹದಕ್ಕೆ ಬರುವ ಹೊತ್ತಿಗೆ ಹಣ ನಿಲ್ಲುತ್ತದೆ. ಬೆಂಗಳೂರಿನವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ, ಊರಿನ ಕಾರ್ಯಕರ್ತೆಗೆ ಆ ಅವಕಾಶವಿಲ್ಲ. ಆದರೂ ಊರಿನವರು ರಾತ್ರಿ ಹೆರಿಗೆ ನೋವು ಬಂದಾಗ ಬಾಗಿಲು ಬಡಿಯುವುದು ಅವಳದೇ. ಹೊಣೆಗಾರ ಸಂಸ್ಥೆಗಳು ಒಪ್ಪಂದ ಮುಗಿಯುವ ಕನಿಷ್ಠ ಆರು ತಿಂಗಳು ಮೊದಲೇ ಕಾರ್ಯಕರ್ತೆಯರಿಗೆ ಲಿಖಿತವಾಗಿ ತಿಳಿಸುತ್ತವೆ, ಅನುಭವ ಪತ್ರ ಕೊಡುತ್ತವೆ, ನರ್ಸಿಂಗ್ ಕೋರ್ಸಿಗೆ ಸೇರಲು ನೆರವಾಗುತ್ತವೆ, ಆಶಾ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಿಸುತ್ತವೆ. ದಾನಿಗಳು ಐದು ವರ್ಷಕ್ಕಿಂತ ಕಡಿಮೆ ಅವಧಿಗೆ ಒಪ್ಪಂದ ಮಾಡಿಕೊಳ್ಳದಿದ್ದರೆ ಈ ನೋವಿನ ಬಹುಪಾಲು ತಪ್ಪುತ್ತದೆ.

ಸೇರುವ ಮುನ್ನ ಸಂಸ್ಥೆಯೊಂದನ್ನು ಹೇಗೆ ಪರೀಕ್ಷಿಸಬೇಕು?

ನೋಂದಣಿ, ಲೆಕ್ಕ ಪರಿಶೋಧನಾ ವರದಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿನ ವಿವರ ಇವುಗಳನ್ನು ನೋಡುವುದು ಸುಲಭ, ನೋಡಿ. ಆಮೇಲೆ ಎರಡು ದಿನ ಬಿಡುವು ಮಾಡಿಕೊಂಡು ಕ್ಷೇತ್ರಕ್ಕೆ ಹೋಗಿ. ಅತ್ಯಂತ ಹಳೆಯ ಕಾರ್ಯಕರ್ತೆ ಎಷ್ಟು ವರ್ಷದಿಂದ ಇದ್ದಾರೆ, ಹೋದ ತಿಂಗಳ ಸಂಬಳ ಯಾವ ತಾರೀಕಿಗೆ ಬಂತು, ಬಡ್ತಿ ಪಡೆದು ಮೇಲ್ವಿಚಾರಕಿಯಾದ ಊರಿನ ಹೆಣ್ಣುಮಕ್ಕಳು ಇದ್ದಾರೆಯೇ, ಸಭೆಯಲ್ಲಿ ವೈದ್ಯರು ಹೇಳಿದ್ದನ್ನು ಕಾರ್ಯಕರ್ತೆ ಒಪ್ಪದಿದ್ದಾಗ ಏನಾಗುತ್ತದೆ ಎಂದು ಅವರನ್ನೇ ಕೇಳಿ. ಉತ್ತರಗಳು ತೃಪ್ತಿಕರವಾಗಿದ್ದರೆ ಅರ್ಜಿ ಹಾಕಿ. ಅರ್ಜಿಯಲ್ಲಿ ಪದವಿಗಳ ಜೊತೆಗೆ ನಿಮಗೆ ಬರುವ ಭಾಷೆಗಳನ್ನೂ, ದ್ವಿಚಕ್ರ ವಾಹನ ಓಡಿಸಲು ಬರುತ್ತದೆಯೇ ಎಂಬುದನ್ನೂ, ಕನಿಷ್ಠ ಎಷ್ಟು ವರ್ಷ ಇರಬಲ್ಲಿರಿ ಎಂಬುದನ್ನೂ ಬರೆಯಿರಿ.